ಮೊದಲನೆಯ ಪೊಟ್ಟಣದವರು ಬಂದಿಲ್ಲ

ಕ್ವೆಕ್ ಹಾಕ್ ಸೆಂಗ್ ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಲು ಆಸೆಯಿಲ್ಲವೆಂದಲ್ಲ, ಹೇಳಿದ್ದು ನೆನಪಿರುವುದಿಲ್ಲ. ಬೆಳಿಗ್ಗೆ ತಾನೇ ಹೇಳಿದ ಸುಳ್ಳನ್ನು ಸಂಜೆ ಬೇರೆಯವರ ಬಾಯಲ್ಲಿ ಕೇಳಿ, "ಹೌದಾ? ನನಗೆ ಗೊತ್ತೇ ಇರಲಿಲ್ಲ ನೋಡಿ" ಎಂದು ಕಣ್ಣರಳಿಸುವ ಜಾತಿ ಅವನದು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಾನೆ. ಬಸ್ಸು ಹತ್ತಿದ ಮೇಲೆ ಎಲ್ಲಿಗೆ ಹೊರಟಿದ್ದೆನೆಂದು ಹೆಂಡತಿಗೆ ಫೋನ್ ಮಾಡಿ ಕೇಳುತ್ತಾನೆ. ಇಂಥವನು ಆ ಭಾನುವಾರ, ಭಾವಮೈದುನನ ಮನೆಯ ಊಟದ ಮೇಜಿನಲ್ಲಿ, ಹನ್ನೊಂದು ಮಂದಿ ನೆಂಟರ ಎದುರು ಒಂದು ಸುಳ್ಳು ಹೇಳಿಬಿಟ್ಟ. ಅದು ಮರೆಯದಂಥ ಸುಳ್ಳಾಯಿತು, ಏಕೆಂದರೆ ಹನ್ನೊಂದು ಮಂದಿಯೂ ಅದನ್ನು ನೆನಪಿಟ್ಟುಕೊಂಡರು.

ಕೇಳಿದವನು ಲೋ ತಿಯಾಮ್ ಪೋ. ಸೆಂಗನ ಹೆಂಡತಿ ಗ್ಯೋಕ್ ಲಾನಳ ಅಣ್ಣ. ಸ್ನಾನದ ಮನೆಗೆ ಬೇಕಾದ ನಲ್ಲಿ, ಬೋಗುಣಿ, ಕಮೋಡುಗಳ ದೊಡ್ಡ ವ್ಯಾಪಾರಿ. ಆವಿಯಲ್ಲಿ ಬೆಂದ ಮೀನಿನ ಕೆನ್ನೆಯ ತುಂಡನ್ನು ತಂಗಿಯ ತಟ್ಟೆಗೆ ಹಾಕುತ್ತಾ ಅವನು ಕೇಳಿದ: "ಸೆಂಗ್, ಆ ಬಜ್ಜಿ ಅಂಗಡಿಗೆ ಈಗಲೂ ಯಾರಾದ್ರೂ ಬರ್ತಾರೇನಯ್ಯಾ?"

ಮೇಜಿನ ಸುತ್ತ ನಗು ಎದ್ದಿತು. ಸೆಂಗನಿಗೆ ರೋಷ ಬಂತು.

"ಬರ್ತಾರಾ ಅಂದ್ರೆ? ಕ್ಯೂ ನಿಲ್ತಾರೆ ಭಾವ. ದಿನಾ ಸಂಜೆ ನಾಲ್ಕಕ್ಕೆ ಕಂಬದವರೆಗೆ ಕ್ಯೂ."

"ಯಾವ ಕಂಬ?"

"ಕೈ ತೊಳಿಯೋ ನಲ್ಲಿ ಹತ್ರದ ಕಂಬ."

ಗ್ಯೋಕ್ ಲಾನಳ ಕೈಯಲ್ಲಿದ್ದ ಮೀನಿನ ತುಂಡು ತಟ್ಟೆಗೆ ಮರಳಿ ಬಿತ್ತು. ಕಂಬದವರೆಗೆ ಹೋಗಲಿ, ಅಂಗಡಿಯ ಮುಂದೆ ಒಮ್ಮೆಗೆ ಇಬ್ಬರು ನಿಂತು ಯಾವ ಕಾಲವಾಯಿತೆಂದು ಅವಳಿಗೆ ಗೊತ್ತಿತ್ತು.

"ಸರಿ," ಎಂದ ತಿಯಾಮ್ ಪೋ. "ಮಂಗಳವಾರ ನಾಲ್ಕು ಗಂಟೆಗೆ ನಾನೇ ಬಂದು ನೋಡ್ತೀನಿ. ಕ್ಯೂ ಇದ್ರೆ ಇನ್ನು ಜನ್ಮದಲ್ಲಿ ಅಂಗಡಿ ಮಾತೆತ್ತಲ್ಲ. ಇಲ್ದಿದ್ರೆ ಬುಧವಾರ ಬೆಳಿಗ್ಗೆ ಬೀಗದ ಕೈ ನನ್ನ ಕೈಗೆ. ನನ್ನ ಸ್ನೇಹಿತನ ಅಪಾರ್ಟ್‌ಮೆಂಟ್ ಗೇಟಲ್ಲಿ ಕಾವಲಿನ ಕೆಲಸ ಖಾಲಿ ಇದೆ. ಕುರ್ಚಿ ಇದೆ, ಫ್ಯಾನಿದೆ. ಕಾರು ಬಂದ್ರೆ ಕೋಲು ಎತ್ತೋದು, ಹೋದ್ರೆ ಇಳಿಸೋದು. ಅರವತ್ತಾರು ವರ್ಷಕ್ಕೆ ಎಣ್ಣೆ ಮುಂದೆ ಯಾಕಯ್ಯಾ ಬೇಯ್ತೀಯಾ?"

ಬೀಗದ ಕೈ ಕೇಳಲು ಅವನಿಗೆ ಅಧಿಕಾರವಿತ್ತು. ಅಂಗಡಿ ಮೊದಲು ಅವನ ತಾಯಿಯದು. ಆಕೆ ಹೆಗಲ ಮೇಲೆ ಅಡ್ಡೆ ಹೊತ್ತು ಬೀದಿ ಬೀದಿಯಲ್ಲಿ ಬಾಳೆಹಣ್ಣಿನ ಬಜ್ಜಿ ಮಾರಿ, ಆಮೇಲೆ ತೋವಾ ಪಾಯೋ ಬಡಾವಣೆಯ ತಿಂಡಿ ಮಾರುಕಟ್ಟೆಯಲ್ಲಿ ಮಳಿಗೆ ಹಿಡಿದವಳು. ಸಾಯುವಾಗ ಮಗಳನ್ನು ಕರೆದು, "ಒಲೆ ಆರಿಸಬೇಡ" ಎಂದಳು. ಐದು ನಿಮಿಷ ಬಿಟ್ಟು ಎಲ್ಲರನ್ನೂ ಕರೆದು, "ದೊಡ್ಡವನ ಮಾತು ಮೀರಬೇಡಿ" ಎಂದಳು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ಹೇಳುವಷ್ಟು ಹೊತ್ತು ಆಕೆ ಬದುಕಲಿಲ್ಲ. ದೊಡ್ಡವನೋ, ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯ ಹುಡುಗರು "ಎಣ್ಣೆ ಡಬ್ಬ" ಎಂದು ಆಡಿಕೊಂಡ ದಿನದಿಂದ ಆ ಬಜ್ಜಿಯನ್ನು ಬಾಯಿಗಿಟ್ಟಿರಲಿಲ್ಲ. ಅಂಗಡಿಯ ಮುಂದೆ ಹಾದರೂ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು.

ಸೆಂಗನಿಗೆ ಮಾತ್ರ ಅಂಗಡಿ ಪ್ರಾಣ. ಲೋಕದಲ್ಲಿ ಅವನು ಮರೆಯದಿದ್ದದ್ದು ಒಂದೇ: ಹಿಟ್ಟಿನ ಹದ. ಅಕ್ಕಿ ಹಿಟ್ಟು, ಉಪ್ಪು, ಸುಣ್ಣದ ತಿಳಿನೀರು. ಅತ್ತೆ ಕಲಿಸಿದ ಅಳತೆ ಅವನ ಕೈಗೆ ಗೊತ್ತು, ತಲೆಗೆ ಕೇಳುವ ಅಗತ್ಯವೇ ಇಲ್ಲ. ಬೆಳಿಗ್ಗೆ ಕರಿದದ್ದು ಸಂಜೆಯವರೆಗೆ ಕರಕರ ಅನ್ನಬೇಕು, ಅನ್ನುತ್ತಿತ್ತು. ಗೇಟಿನ ಕೋಲು ಎತ್ತುವ ಕೆಲಸದಲ್ಲಿ ತಾನು ಎತ್ತಬೇಕಾದಾಗ ಇಳಿಸಿ, ಇಳಿಸಬೇಕಾದಾಗ ಎತ್ತುವುದು ಖಂಡಿತ ಎಂಬುದೂ ಅವನಿಗೆ ತಿಳಿದಿತ್ತು.

ಮಂಗಳವಾರ ಬಂತು. ಮಧ್ಯಾಹ್ನ ಗ್ಯೋಕ್ ಲಾನ್ ಗುಡಿಗೆ ಹೊರಟಳು.

"ಮೂರು ಊದುಕಡ್ಡಿ ಹಚ್ಚಿ ಬರ್ತೀನಿ ರೀ. ಇನ್ನು ದೇವರೇ ಕ್ಯೂ ಕಳಿಸಬೇಕು. ನೀವು ಇಲ್ಲೇ ಇರಿ, ಏನೂ ಮಾಡಬೇಡಿ."

ಏನೂ ಮಾಡಬೇಡಿ ಎಂದರೆ ಸೆಂಗ್ ಏನಾದರೂ ಮಾಡಿಯೇ ಮಾಡುತ್ತಾನೆ. ಎಣ್ಣೆಯ ಡಬ್ಬ ಎತ್ತಿಕೊಂಡು ಬಂದ. ಡಬ್ಬಕ್ಕೆ ಸಣ್ಣ ತೂತಿತ್ತು. ಅಂಗಡಿಯ ಮುಂದಿನ ನೆಲದ ಮೇಲೆ ಎಣ್ಣೆ ಮೂರು ಕಡೆ ತೊಟ್ಟಿಕ್ಕಿತು. ಬಟ್ಟೆಯಲ್ಲಿ ಒರೆಸಿದ, ಹೋಗಲಿಲ್ಲ. ಯಾರಾದರೂ ಜಾರಿ ಬಿದ್ದರೆ ಗತಿಯೇನು? "ನೆಲ ಒದ್ದೆ" ಎಂಬ ಹಳದಿ ಫಲಕವನ್ನು ಪಕ್ಕದ ಮೀನುಂಡೆ ನೂಡಲ್ಸ್ ಅಂಗಡಿಯ ಮುಯಿ ಚೂ ಹೋದ ವರ್ಷ ಒಯ್ದವಳು ಕೊಟ್ಟಿರಲಿಲ್ಲ. ಸೆಂಗ್ ಅತ್ತಿತ್ತ ನೋಡಿದ. ಹೆಂಡತಿ ಹಿಂದಿನ ದಿನ ಟಿಶ್ಯೂ ಮಾರುವ ಕುರುಡು ಮುದುಕನಿಂದ ಕೊಂಡಿದ್ದ ಮೂರು ಪೊಟ್ಟಣಗಳು ಕಂಡವು. ಒಂದೊಂದು ಎಣ್ಣೆಯ ಕಲೆಯ ಮೇಲೂ ಒಂದೊಂದನ್ನು ಇಟ್ಟ. ಜನ ಪೊಟ್ಟಣ ನೋಡಿ ಬಳಸಿಕೊಂಡು ಹೋಗುತ್ತಾರೆ, ತಾನು ಹಿಟ್ಟು ಕಲಸಿ ಬಂದು ಸೋಪು ಹಾಕಿ ತೊಳೆದರಾಯಿತು ಎಂದುಕೊಂಡ. ಹಿಂದಿನ ಕೋಣೆಗೆ ಹೋದ. ಸುಣ್ಣದ ನೀರು ತಿಳಿಯಾಗುವುದನ್ನು ನೋಡುತ್ತಾ ಕುಳಿತ. ಪೊಟ್ಟಣ, ಎಣ್ಣೆ, ಸೋಪು ಮೂರನ್ನೂ ಮರೆತ.

ಈಗ ಆ ಊರಿನ ಒಂದು ಕಾನೂನನ್ನು ಹೇಳಬೇಕು. ಅದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದ್ದರಿಂದ ಎಲ್ಲರೂ ಪಾಲಿಸುತ್ತಾರೆ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಮೇಜು ಇಟ್ಟವರದು. ಅವರು ಊಟ ತರಲು ಹೋಗಿರಬಹುದು, ಮದುವೆಗೇ ಹೋಗಿರಬಹುದು, ಪೊಟ್ಟಣ ಇರುವವರೆಗೆ ಯಾರೂ ಅಲ್ಲಿ ಕೂರುವುದಿಲ್ಲ. ಬಿಸಿ ಸಾರಿನ ಬೋಗುಣಿ ಹಿಡಿದು ಕಾಲು ಗಂಟೆ ನಿಂತಾರು, ಪೊಟ್ಟಣ ಸರಿಸಲಾರರು. ಅಣ್ಣತಮ್ಮಂದಿರ ಆಸ್ತಿಯ ಜಗಳ ಕೋರ್ಟಿಗೆ ಹೋದದ್ದುಂಟು, ಟಿಶ್ಯೂ ಪೊಟ್ಟಣದ ಹಕ್ಕನ್ನು ಪ್ರಶ್ನಿಸಿದವರಿಲ್ಲ.

ಮೊದಲು ಬಂದವಳು ರೊಕಿಯಾ ಆಂಟಿ. ಮೊಮ್ಮಗನಿಗೆ ಏನಾದರೂ ಕೊಳ್ಳೋಣವೆಂದು ಬಂದವಳ ಕಣ್ಣಿಗೆ ಬಜ್ಜಿ ಅಂಗಡಿಯ ಮುಂದೆ, ನೆಲದ ಮೇಲೆ, ಒಂದರ ಹಿಂದೆ ಒಂದು ನೆಟ್ಟಗೆ ಮೂರು ಪೊಟ್ಟಣ ಬಿದ್ದವು. ಹತ್ತು ವರ್ಷದಿಂದ ಆ ಅಂಗಡಿಯ ಮುಂದೆ ಓಡಾಡಿದವಳು ಈಗ ಗಕ್ಕನೆ ನಿಂತಳು. ಮೂರು ಮಂದಿ ಜಾಗ ಹಿಡಿದಿಟ್ಟು ಹೋಗಿದ್ದಾರೆ! ಅಂದಮೇಲೆ ಏನೋ ಇದೆ. ತಡಮಾಡದೆ ಮೂರನೆಯ ಪೊಟ್ಟಣದ ಹಿಂದೆ ನಿಂತುಬಿಟ್ಟಳು.

ಅವಳ ಹಿಂದೆ ಪೆರುಮಾಳ್ ಮಾಸ್ತರರು ನಿಂತರು. ನಿವೃತ್ತ ಶಾಲಾ ಮಾಸ್ತರರಾದ ಇವರು ಸಾಲು ಕಂಡರೆ ಸೇರದೆ ಹೋದವರಲ್ಲ. ಹೀಗೇ ಒಮ್ಮೆ ಒಂದು ಸಾಲಿನಲ್ಲಿ ನಿಂತು, ಕೊನೆಗೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿಕೊಂಡು, ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ಮನೆಗೆ ಬಂದಿದ್ದರು. ಅವರ ಹಿಂದೆ ಇಬ್ಬರು ನರ್ಸುಗಳು, ಅವರ ಹಿಂದೆ ಟ್ಯಾಕ್ಸಿಯವನೊಬ್ಬ. ಅವನು ಕೆಳಗೆ ತನ್ನ ವೃತ್ತಪತ್ರಿಕೆ ಇಟ್ಟು ಕಾಫಿಗೆ ಹೋದ. ಅದರ ಹಿಂದೆ ಒಂದು ಕೊಡೆ ಬಂದು ನಿಂತಿತು, ಅದರ ಹಿಂದೆ ಕೊಡೆಯ ಒಡೆಯನಿಗೂ ಪರಿಚಯವಿಲ್ಲದ ಒಂದು ಗುಂಪು.

ಸೆಂಗ್ ಹಿಟ್ಟಿನ ಬೋಗುಣಿ ಹಿಡಿದು ಹೊರಬಂದ. ಮುಂದೆ ನೋಡಿದ. ಹಿಂದೆ ತಿರುಗಿ ತನ್ನ ಅಂಗಡಿಯ ಫಲಕ ನೋಡಿದ. ತಾನು ತಪ್ಪಿ ಬೇರೆಯವರ ಅಂಗಡಿಗೆ ಬಂದೆನೇನೋ ಎಂಬ ಗುಮಾನಿ ಅವನಿಗೆ. ಫಲಕ ತನ್ನದೇ. ಹಾಗಾದರೆ ಗುಡಿಯಲ್ಲಿ ಹೆಂಡತಿ ಕಡ್ಡಿ ಹಚ್ಚಿಯಾಗಿದೆ ಎಂದುಕೊಂಡ. ದೇವರು ಇಷ್ಟು ಬೇಗ ಕೆಲಸ ಮಾಡುತ್ತಾನೆಂದು ಗೊತ್ತಿದ್ದರೆ ಭಾನುವಾರವೇ ಹಚ್ಚಿಸಬಹುದಿತ್ತು.

ಒಲೆ ಉರಿಸಿ ಬಾಣಲೆಗೆ ಬಾಳೆಹಣ್ಣು ಇಳಿಬಿಟ್ಟ. ಚುರ್ರೆಂದಿತು. ಹೊಂಬಣ್ಣಕ್ಕೆ ಬಂದ ಬಜ್ಜಿಗಳನ್ನು ಜಾಲರಿಗೆ ತೆಗೆದು, ಕೈ ಒರೆಸಿಕೊಂಡು ಅಂದ:

"ಬನ್ನಿ ಆಂಟಿ! ಎಷ್ಟು ಕೊಡ್ಲಿ?"

ರೊಕಿಯಾ ಆಂಟಿ ಅಲುಗಲಿಲ್ಲ. "ನನ್ನ ಸರದಿ ಬಂದಿಲ್ಲವಲ್ಲ."

"ನೀವೇ ಮೊದಲು ಆಂಟಿ. ನಿಮ್ಮ ಮುಂದೆ ಯಾರೂ ಇಲ್ಲ."

"ಇದ್ದಾರಲ್ಲಪ್ಪ, ಮೂರು ಜನ." ಆಂಟಿ ನೆಲ ತೋರಿಸಿದಳು.

ಸೆಂಗ್ ಬಗ್ಗಿ ನೋಡಿದ. ಹೌದು, ಮೂರು ಪೊಟ್ಟಣ. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಹಣೆ ಚಚ್ಚಿಕೊಂಡು ಪೊಟ್ಟಣ ಎತ್ತುತ್ತಿದ್ದರು. ನಮ್ಮ ಸೆಂಗನಿಗೆ ಅವು ತನ್ನವೆಂಬುದು ಹೊಳೆಯಲೇ ಇಲ್ಲ. ಮೇಲಾಗಿ ಅವನೂ ಅದೇ ಊರಿನವನು. ಪೊಟ್ಟಣ ಕಂಡೊಡನೆ ಭಕ್ತಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಛೆ, ನೋಡ್ಲೇ ಇಲ್ಲ. ಯಾರು ಇವರು? ಎಲ್ಲಿ ಹೋದ್ರು?"

"ನಾನು ಬರೋವಾಗ್ಲೇ ಇರಲಿಲ್ಲ. ತುಂಬಾ ಮುಂಚೆ ಬಂದಿರಬೇಕು."

"ಬೆಳಿಗ್ಗೆಯೇ ಬಂದಿರಬಹುದು," ಎಂದರು ಪೆರುಮಾಳ್ ಮಾಸ್ತರರು. "ಬಜ್ಜಿಗೋಸ್ಕರ ಬೆಳಿಗ್ಗೆ ಬಂದು ಜಾಗ ಹಿಡಿದು ಹೋಗಿದ್ದಾರೆ ಅಂದ್ರೆ ತಿಳಿದವರೇ ಇರಬೇಕು."

"ಇರಬೇಕು," ಎಂದ ಸೆಂಗ್. ತನ್ನ ಬಜ್ಜಿಗೆ ಇಂಥ ಭಕ್ತರಿದ್ದೂ ತನಗೆ ತಿಳಿಯದೆ ಹೋಯಿತಲ್ಲ ಎಂದು ಪೇಚಾಡಿಕೊಂಡ. "ಹಾಗಾದ್ರೆ ಕಾಯೋಣ. ಅವರ ಸರದಿ ತಪ್ಪಿಸೋದು ಸರಿಯಲ್ಲ."

ಎಲ್ಲರೂ ಕಾದರು. ಬಜ್ಜಿಯ ರಾಶಿ ಏರಿತು. ಸಾಲೂ ಬೆಳೆಯಿತು. ಮಾರಾಟ ಮಾತ್ರ ಒಂದೂ ಆಗಲಿಲ್ಲ.

ಪಕ್ಕದಂಗಡಿಯ ಮುಯಿ ಚೂಗೆ ಹೊಟ್ಟೆಯಲ್ಲಿ ಉರಿ ಎದ್ದಿತ್ತು. ತನ್ನ ಅಂಗಡಿಯ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದ ಎರಡು ತುಣುಕುಗಳನ್ನು ಕಟ್ಟು ಹಾಕಿಸಿ ತೂಗುಹಾಕಿದ್ದವಳು ಅವಳು. ಈಗ ಅವಳ ಗಿರಾಕಿಗಳು ಅರ್ಧ ತಿಂದ ಬೋಗುಣಿ ಬಿಟ್ಟು ಬಜ್ಜಿಯ ಸಾಲಿಗೆ ಓಡುತ್ತಿದ್ದರು. ಸೌಟು ಹಿಡಿದೇ ಬಂದು ಪೊಟ್ಟಣಗಳನ್ನು ಸುತ್ತ ಹಾಕಿದಳು.

"ಯಾರ್ದಪ್ಪಾ ಇದು? ಯಾರ್ದು ಗೊತ್ತಾ? ಟೀವಿಯವರದು!"

"ಟೀವಿಯವರದಾ?" ಎಂದಳು ಒಬ್ಬ ನರ್ಸ್.

"ಮತ್ತೆ? ನನ್ನ ಅಂಗಡಿಗೆ ಬಂದಾಗ್ಲೂ ಹೀಗೇ ಮೂರೇ ಜನ ಬಂದಿದ್ರು. ಒಬ್ಬ ಮಾತಾಡೋನು, ಒಬ್ಬ ಚಿತ್ರ ತೆಗೆಯೋನು, ಒಬ್ಬ ಬರೀ ತಿನ್ನೋನು. ಇವನ ಅಂಗಡಿಗೆ ಯಾಕೆ ಬಂದ್ರೋ, ದಾರಿ ತಪ್ಪಿರಬೇಕು."

ಮುಯಿ ಚೂ ಇದನ್ನು ಹೇಳಿದ್ದು ಹೊಟ್ಟೆಕಿಚ್ಚಿಗೆ. ಆದರೆ ಮಾತು ಹತ್ತು ನಿಮಿಷದಲ್ಲಿ ಮಾರುಕಟ್ಟೆಯ ಆ ತುದಿ ಮುಟ್ಟಿ, ಒಗ್ಗರಣೆ ಹಾಕಿಸಿಕೊಂಡು ಹಿಂದಿರುಗಿತು. ಕಂಬ ದಾಟಿದ ಸಾಲು ಕೈ ತೊಳೆಯುವ ನಲ್ಲಿಗಳನ್ನು ಸುತ್ತಿ ಹಣ್ಣಿನಂಗಡಿಯ ಕಡೆ ತಿರುಗಿತು. ನರ್ಸುಗಳು ತುಟಿಗೆ ಬಣ್ಣ ಹಚ್ಚಿಕೊಂಡರು. ಮಾಸ್ತರರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಟೀವಿಯವರು ಕೇಳಿದರೆ ಹೇಳಲೆಂದು ಬಾಳೆಹಣ್ಣಿನ ಬಗ್ಗೆ ನಾಲ್ಕು ಮಾತು ಮನಸ್ಸಿನಲ್ಲೇ ಜೋಡಿಸಿಕೊಂಡರು.

ಅಷ್ಟರಲ್ಲಿ ಮಾರುಕಟ್ಟೆಯ ಮೇಲ್ವಿಚಾರಣೆಯ ಅಧಿಕಾರಿ ಬಂದ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಕಡತ.

"ದಾರಿಗೆ ಅಡ್ಡವಾಗಿ ಸಾಮಾನು ಇಡೋ ಹಾಗಿಲ್ಲ. ತೆಗೀರಿ ಇವನ್ನ."

"ತೆಗೀರಿ ಸಾರ್," ಎಂದಳು ರೊಕಿಯಾ ಆಂಟಿ.

"ನಾನಾ?" ಅಧಿಕಾರಿ ಪೊಟ್ಟಣ ನೋಡಿದ, ಪೊಟ್ಟಣದ ಹಿಂದಿನ ಎಂಬತ್ತು ಮುಖ ನೋಡಿದ. ಅವನ ಕೈ ಅರ್ಧ ಬಗ್ಗಿ ನಿಂತಿತು. "ನಾನು ಹೇಗೆ ತೆಗೀಲಿ? ಇಟ್ಟವರೇ ತೆಗೀಬೇಕು."

"ಅವರು ಬಂದಿಲ್ಲ."

"ಬಂದ ಮೇಲೆ ತೆಗೀಲಿ ಅಂತ ಹೇಳಿ." ಕಡತದಲ್ಲಿ ಏನೋ ಬರೆದುಕೊಂಡ. ಎರಡು ಹೆಜ್ಜೆ ಹೋದವನು ಹಿಂದಿರುಗಿ ತಗ್ಗಿದ ದನಿಯಲ್ಲಿ ಕೇಳಿದ: "ಅಷ್ಟು ಚೆನ್ನಾಗಿರುತ್ತಾ ಬಜ್ಜಿ?" ಉತ್ತರಕ್ಕೂ ಕಾಯದೆ ಸಾಲಿನ ಕೊನೆಗೆ ಹೋಗಿ, ದಾರಿಗೆ ಅಡ್ಡವಾಗಿ ತನ್ನ ಕಡತ ಇಟ್ಟು ಬಾಯಿ ತೊಳೆಯಲು ಹೋದ.

ನಾಲ್ಕು ಗಂಟೆಗೆ ಹತ್ತು ನಿಮಿಷವಿರುವಾಗ ಗ್ಯೋಕ್ ಲಾನ್ ಗುಡಿಯಿಂದ ಬಂದಳು. ಸಾಲಿನ ಬಾಲ ಅವಳಿಗೆ ಬಸ್ ನಿಲ್ದಾಣದ ಹತ್ತಿರವೇ ಸಿಕ್ಕಿತು. ಏನೋ ಅನಾಹುತವಾಗಿದೆ, ಗಂಡ ಎಣ್ಣೆಗೆ ಬಿದ್ದಿದ್ದಾನೆ ಎಂದೇ ಏದುಸಿರು ಬಿಡುತ್ತಾ ಓಡಿಬಂದಳು. ಒಳಗೆ ಸೆಂಗ್ ಬಜ್ಜಿಯ ಗುಡ್ಡದ ಹಿಂದೆ ಬೆವರುತ್ತಾ ನಿಂತಿದ್ದ.

"ಏನ್ರೀ ಇದು!"

"ದೇವರು ಕಳಿಸಿದ್ದಾನೆ ಕಣೇ. ಆದ್ರೆ ಮೊದಲ ಮೂರು ಜನಾನ ಕಳಿಸೋದು ಮರೆತಿದ್ದಾನೆ." ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ಗ್ಯೋಕ್ ಲಾನಳ ಮೂಗು ಗುಡಿಯ ಹೊಗೆಗೆ ಸೋರುತ್ತಿತ್ತು. ಗೂಡಿನ ಕಡೆ ಕೈ ಹಾಕಿದಳು. ಗೂಡು ಖಾಲಿ.

"ನಿನ್ನೆ ತಂದ ಟಿಶ್ಯೂ ಎಲ್ರೀ? ಮೂರು ಪೊಟ್ಟಣ ಇಟ್ಟಿದ್ದೆ, ನೀಲಿ ಹೂವಿಂದು."

ಸೆಂಗ್ ಗೂಡು ನೋಡಿದ. ಆಮೇಲೆ ಹೊರಗಿನ ನೆಲ ನೋಡಿದ. ನೀಲಿ ಹೂವು. ಒಂದು, ಎರಡು, ಮೂರು. ಎಣ್ಣೆ ಡಬ್ಬ, ತೂತು, ಸೋಪು, ಎಲ್ಲವೂ ಒಂದೊಂದಾಗಿ ತಲೆಗೆ ಹಿಂದಿರುಗಿದವು. ಕೈಯಲ್ಲಿದ್ದ ಜಾಲರಿ ಸೌಟು ಬಾಣಲೆಯಲ್ಲಿ ಮುಳುಗಿಹೋಯಿತು.

"ನಾನೇ ಕಣೇ," ಎಂದ. "ಆ ಮೂರು ಜನ ನಾನೇ."

ಗ್ಯೋಕ್ ಲಾನ್ ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಪರಿಚಯದ ಕೆಮ್ಮು ಕೇಳಿಸಿತು. ಲೋ ತಿಯಾಮ್ ಪೋ ಕರವಸ್ತ್ರವನ್ನು ಮೂಗಿಗೆ ಹಿಡಿದು ನಿಂತಿದ್ದ. ಕಂಬ ನೋಡಿದ, ಕಂಬದಾಚೆ ನೋಡಿದ, ಬಸ್ ನಿಲ್ದಾಣದ ಕಡೆ ನೋಡಿದ. ಕರವಸ್ತ್ರ ಮೆಲ್ಲಗೆ ಕೆಳಗಿಳಿಯಿತು. 

"ದಿನಾ ಹೀಗೇನಾ?"

"ಹೂಂ... ಇವತ್ತು ಸ್ವಲ್ಪ ಕಮ್ಮಿ," ಎಂದಿತು ಸೆಂಗನ ಬಾಯಿ. ಬೇಡವೆಂದರೂ ಕೇಳದ ಬಾಯಿ ಅದು.

ತಿಯಾಮ್ ಪೋ ಪಕ್ಕದಲ್ಲಿ ನಿಂತು ನೋಡತೊಡಗಿದ. ಐದು ನಿಮಿಷ, ಹತ್ತು ನಿಮಿಷ. ಕಮೋಡು ಮಾರಿ ದೊಡ್ಡವನಾದವನ ಕಣ್ಣು ಅದು, ಬೇಗ ಚುರುಕಾಯಿತು.

"ಅಲ್ಲಯ್ಯಾ, ಕ್ಯೂ ಇದೆ, ಬಜ್ಜಿ ಇದೆ. ಒಬ್ಬನೂ ಕೊಂಡುಕೊಳ್ತಿಲ್ಲವಲ್ಲ! ಇವರೇನು ಪ್ರತಿಭಟನೆಗೆ ಬಂದಿದ್ದಾರಾ?"

"ಮೊದಲನೆಯ ಪೊಟ್ಟಣದವರು ಬಂದಿಲ್ಲ," ಎಂದರು ಮಾಸ್ತರರು ವಿವರಿಸುವ ದನಿಯಲ್ಲಿ. "ಟೀವಿಯವರು. ಅವರು ಬರದೆ ನಾವು ಮುಂದೆ ಹೋಗೋ ಹಾಗಿಲ್ಲ."

ತಿಯಾಮ್ ಪೋ ಪೊಟ್ಟಣ ನೋಡಿದ. ಟೀವಿ ಎಂದೊಡನೆ ಅವನ ಕೈ ಜೇಬಿನ ಬಾಚಣಿಗೆಗೆ ಹೋದದ್ದು ನಿಜ. ಆದರೂ ಲೆಕ್ಕ ತಪ್ಪದ ಮನುಷ್ಯ, ಗಡಿಯಾರ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದ: "ಇನ್ನು ಹತ್ತು ನಿಮಿಷ ನೋಡ್ತೀನಿ ಸೆಂಗ್. ಕೊಂಡುಕೊಳ್ಳದ ಜನ ಸಾವಿರ ಇದ್ರೂ ನನ್ನ ಲೆಕ್ಕದಲ್ಲಿ ಅದು ಕ್ಯೂ ಅಲ್ಲ. ಬೀಗದ ಕೈ ಸಿದ್ಧ ಮಾಡಿಕೋ."

ಸೆಂಗ್ ಒಳಗೆ ತಿರುಗಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ನಮ್ಮದು ಅಂತ ಹೇಳಿದ್ರೆ ಇವರೆಲ್ಲ ಉಗಿದು ಹೊರಟುಹೋಗ್ತಾರೆ. ಅಂಗಡಿ ಹೋಗುತ್ತೆ. ಹೇಳದಿದ್ರೆ ಯಾರೂ ಕೊಳ್ಳಲ್ಲ. ಆಗಲೂ ಅಂಗಡಿ ಹೋಗುತ್ತೆ. ನಾನೇನು ಮಾಡ್ಲೇ?" ಅವನ ಕಣ್ಣಲ್ಲಿ ನೀರಿತ್ತು. ಮೂವತ್ತೊಂದು ವರ್ಷ ನಿಂತ ಒಲೆಯ ಮುಂದೆ ನಿಂತು ಅವನು ಮಗುವಿನಂತೆ ಅಳುವುದೊಂದು ಬಾಕಿ.

ಗ್ಯೋಕ್ ಲಾನ್ ಒಲೆಯ ಮೇಲೆ ತೂಗುಹಾಕಿದ್ದ ಅಮ್ಮನ ಫೋಟೋ ನೋಡಿದಳು. ಮೂಗನ್ನು ತೋಳಿಗೆ ಒರೆಸಿಕೊಂಡಳು.

"ಏಪ್ರನ್ ಬಿಚ್ಚಿ."

"ಯಾಕೆ?"

"ಬಿಚ್ಚಿ ಅಂದೆ. ಪೊಟ್ಟಣ ಯಾರ್ದು? ನಮ್ಮದು. ಸರದಿ ಯಾರ್ದು? ನಮ್ಮದೇ. ಹೋಗಿ ನಿಂತ್ಕೊಳ್ಳಿ."

ಸೆಂಗ್ ಏಪ್ರನ್ ಬಿಚ್ಚಿದ. ಅಂಗಡಿಯ ಪಕ್ಕದ ಬಾಗಿಲಿಂದ ಹೊರಬಂದು, ಮೊದಲನೆಯ ಪೊಟ್ಟಣ ಎತ್ತಿ ಎದೆಗೆ ಒತ್ತಿಕೊಂಡು, ತನ್ನ ಅಂಗಡಿಯ ಮುಂದೆ ತಾನೇ ಗಿರಾಕಿಯಾಗಿ ನಿಂತ. ಸಾಲಿನ ಉದ್ದಕ್ಕೂ ಒಂದು ನಿಟ್ಟುಸಿರು ಹರಿಯಿತು.

"ಬಂದ್ರಾ! ಒಂದೂವರೆ ಗಂಟೆ ಕಾಯಿಸಿದ್ರಲ್ರೀ!" ಎಂದು ಗದರಿದಳು ರೊಕಿಯಾ ಆಂಟಿ. ಮುಖ ನೋಡಿದವಳು ಹುಬ್ಬೇರಿಸಿದಳು. "ಅಯ್ಯೋ, ನೀನು ಅಂಗಡಿಯವನಲ್ವೇನಪ್ಪಾ?"

"ಹೌದು ಆಂಟಿ. ಅಂಗಡಿಯವನು ಬಜ್ಜಿ ತಿನ್ನಬಾರದಾ?"

"ಟೀವಿ ಎಲ್ಲಿ?" ಎಂದಳು ನರ್ಸ್. ಎಲ್ಲರೂ ಮುಯಿ ಚೂ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಾ? ನಾನು ಇರಬಹುದು ಅಂದೆ," ಎಂದು ಮುಯಿ ಚೂ ಸಾರು ಕುದಿಯುತ್ತಿದೆಯೆಂದು ಓಡಿದಳು.

ಗೊಂದಲ ಹೆಚ್ಚುವುದರಲ್ಲಿತ್ತು. ಪೆರುಮಾಳ್ ಮಾಸ್ತರರು ಕೈ ಎತ್ತಿದರು. ನಲವತ್ತು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ಕೈ ಅದು. "ಪೊಟ್ಟಣ ನಿಮ್ಮದೇನಾ?"

"ನನ್ನದೇ ಮಾಸ್ತರೇ. ದೇವರಾಣೆ."

"ಹಾಗಾದ್ರೆ ಸರದಿ ಅವರದೇ," ಎಂದು ಮಾಸ್ತರರು ತೀರ್ಪು ಕೊಟ್ಟರು. "ಅಂಗಡಿ ಯಾರ್ದು ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆದ್ರೆ ಒಬ್ಬರು ಮೂರು ಜಾಗದಲ್ಲಿ ನಿಲ್ಲೋ ಹಾಗಿಲ್ಲ. ಎರಡನೆಯದು ಯಾರ್ದು?"

ಅಂಗಡಿಯ ಒಳಗಿಂದ ಗ್ಯೋಕ್ ಲಾನಳ ದನಿ ಬಂತು: "ಅಣ್ಣಂದು."

ತಿಯಾಮ್ ಪೋ ಬೆಚ್ಚಿಬಿದ್ದ. "ನಂದಾ? ನಾನೆಲ್ಲಿ... ನಾನು ಈ ಬಜ್ಜಿ ಮುಟ್ಟಲ್ಲ, ನಿಂಗೊತ್ತಿಲ್ವಾ?"

"ಏನ್ರೀ ನೀವು!" ಸಾಲು ಒಟ್ಟಿಗೆ ಸಿಡಿಯಿತು. "ಇಷ್ಟು ಹೊತ್ತು ಪಕ್ಕದಲ್ಲೇ ನಿಂತು ಗಡಿಯಾರ ನೋಡ್ತಿದ್ರಿ! ನಿಮ್ಮ ಜಾಗದಲ್ಲಿ ನಿಲ್ಲೋಕೆ ಏನು ಕಷ್ಟ? ನಿಮ್ಮಿಂದ ಎಲ್ಲರೂ ಕಾಯ್ತಿಲ್ವಾ!"

ಎಂಬತ್ತು ಮಂದಿ ಹಸಿದವರನ್ನು ಎದುರುಹಾಕಿಕೊಳ್ಳುವಷ್ಟು ದೊಡ್ಡ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ತಿಯಾಮ್ ಪೋ ತಲೆ ತಗ್ಗಿಸಿ, ಎರಡನೆಯ ಪೊಟ್ಟಣ ಎತ್ತಿಕೊಂಡು ಸೆಂಗನ ಬೆನ್ನ ಹಿಂದೆ ನಿಂತ.

"ಮೂರನೆಯದು?" ಎಂದರು ಮಾಸ್ತರರು.

ಗ್ಯೋಕ್ ಲಾನ್ ಒಲೆಯ ಮೇಲಿನ ಫೋಟೋದ ಕಡೆ ತಿರುಗಿದಳು. ಆಮೇಲೆ, "ಅಮ್ಮಂದು," ಎಂದಳು.

ಫೋಟೋದಲ್ಲಿದ್ದ ಮುದುಕಿಯನ್ನು ಎಲ್ಲರೂ ನೋಡಿದರು. ಆ ಮಾರುಕಟ್ಟೆಗೆ ಹಳಬರಾದವರು ಕೆಲವರಿಗೆ ಗುರುತು ಹತ್ತಿತು. ಸತ್ತವರ ಜಾಗಕ್ಕೆ ತಕರಾರು ತೆಗೆಯುವವರು ಆ ಊರಲ್ಲಿಲ್ಲ. ರೊಕಿಯಾ ಆಂಟಿ ತಾನೇ ಬಗ್ಗಿ, ಮೂರನೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟಳು. ಅದರ ಕೆಳಗಿದ್ದ ಎಣ್ಣೆಯ ಕಲೆ ತೋರಿಸಿ, "ನೆಲ ಒರೆಸಬಾರದೇನಪ್ಪಾ?" ಎಂದು ಸೆಂಗನಿಗೆ ಒಂದು ಬೈಗುಳವನ್ನೂ ಕೊಟ್ಟಳು.

ಸೆಂಗ್ ಒಂದು ಬಜ್ಜಿ ಕೊಂಡ. ಅಮ್ಮನ ಬಜ್ಜಿ ಬಾಳೆ ಎಲೆಯ ಚೂರಿನ ಮೇಲೆ ಫೋಟೋದ ಮುಂದೆ ಹೋಯಿತು. ನಡುವಿನ ಬಜ್ಜಿ ತಿಯಾಮ್ ಪೋ ಕೈಗೆ ಬಂತು. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದ. ಎಲ್ಲರೂ ನೋಡುತ್ತಿದ್ದರು. ಬಿಸಾಡಿದರೆ ಉಳಿಗಾಲವಿಲ್ಲ. ಕಣ್ಣು ಮುಚ್ಚಿ ಕಚ್ಚಿದ.

ಕರ್ರೆಂದ ಸದ್ದು ಪೆರುಮಾಳ್ ಮಾಸ್ತರರವರೆಗೂ ಕೇಳಿಸಿತು.

ತಿಯಾಮ್ ಪೋ ಕಣ್ಣು ತೆರೆಯಲಿಲ್ಲ. ಅಗಿದ. ನಿಂತ. ಮತ್ತೆ ಅಗಿದ. ಮೂಗಿಗೆ ಬರಬೇಕಾದ ಕರವಸ್ತ್ರ ಕಣ್ಣಿಗೆ ಹೋಯಿತು.

"ಉಪ್ಪು... ಉಪ್ಪು ಯಾರ ಅಳತೆ?"

"ಅಮ್ಮನ ಅಳತೆ ಅಣ್ಣ," ಎಂದಳು ಗ್ಯೋಕ್ ಲಾನ್. "ಇವರ ಕೈ. ಇವರಿಗೆ ಅದೊಂದು ಮರೆಯಲ್ಲ."

ಅವನು ಉಳಿದದ್ದನ್ನೂ ತಿಂದು, ಬೆರಳಿಗೆ ಅಂಟಿದ ಚೂರನ್ನೂ ನೆಕ್ಕಿ, ಕೈ ಚಾಚಿದ. "ಇನ್ನೊಂದು ಕೊಡು."

"ಹಲೋ ಅಂಕಲ್!" ಹಿಂದಿನಿಂದ ಗದರಿದವನು ಅಧಿಕಾರಿ. "ಇನ್ನೊಂದು ಬೇಕಾದ್ರೆ ಹಿಂದಿನಿಂದ ಬರಬೇಕು! ಕ್ಯೂ ಇರೋದು ಕಾಣಿಸ್ತಿಲ್ವಾ?"

ಲೋ ತಿಯಾಮ್ ಪೋ, ಕಮೋಡುಗಳ ದೊಡ್ಡ ವ್ಯಾಪಾರಿ, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಂಬ ದಾಟಿ, ನಲ್ಲಿ ದಾಟಿ, ಹಣ್ಣಿನಂಗಡಿ ದಾಟಿ ಸಾಲಿನ ಕೊನೆಗೆ ನಡೆದ. ಅವನ ಸರದಿ ಬರುವ ಹೊತ್ತಿಗೆ ಬಜ್ಜಿ ಮುಗಿದಿತ್ತು. ಕಾರು ಹತ್ತಿ, ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಅಂಗಡಿಯ ಮಾತನ್ನು ಅವನೂ ಎತ್ತಲಿಲ್ಲ, ಕೇಳುವ ಧೈರ್ಯ ಇವರಿಗೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಸೆಂಗ್ ಬೀಗದ ಕೈ ಹಿಡಿದು ಅಂಗಡಿಗೆ ಬಂದ. ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಕ್ಯೂ ಇತ್ತು, ಆದ್ದರಿಂದ ಗೆದ್ದೆ. ಆದರೆ ಕ್ಯೂ ತಾನೇ ಮಾಡಿದ್ದು, ಆದ್ದರಿಂದ ಸೋತೆ. ಬಜ್ಜಿ ಸಿಗದೆ ಸಿಟ್ಟಾಗಿ ಹೋದ ಭಾವ ಏನು ಲೆಕ್ಕ ಹಾಕಿದ್ದಾನೋ ಗೊತ್ತಿಲ್ಲ. ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಾ ಬಂದವನು ಅಂಗಡಿಯ ಮುಂದೆ ಗಕ್ಕನೆ ನಿಂತ.

ನೆಲದ ಮೇಲೆ ಒಂದು ಟಿಶ್ಯೂ ಪೊಟ್ಟಣ.

ನಿನ್ನೆ ತಾನೇ ಎತ್ತಲು ಮರೆತೆನೇ? ಜೇಬು ತಡವಿದ. ನೀಲಿ ಹೂವಿನವು ಮೂರೂ, ಭಾವ ಕಟ್ಟೆಯ ಮೇಲೆ ಬಿಟ್ಟುಹೋದದ್ದೂ ಸೇರಿ, ಜೇಬಿನಲ್ಲಿದ್ದವು. ಇದು ಬಿಳಿಯದು. ಸುತ್ತ ಯಾರೂ ಇಲ್ಲ. ಬಗ್ಗಿ, ಮುಟ್ಟದೆ, ಕನ್ನಡಕ ಹುಡುಕಿ, ಹಣೆಯಿಂದ ಇಳಿಸಿಕೊಂಡು ಓದಿದ. ಪೊಟ್ಟಣದ ಮೇಲೆ ಒಂದು ಕಮೋಡಿನ ಚಿತ್ರ. ಕೆಳಗೆ ತಿಯಾಮ್ ಪೋ ಅಂಗಡಿಯ ಹೆಸರು, ವಿಳಾಸ.

 ಭಾವ ಬಂದಾಗಿದೆ. ಬೀಗದ ಕೈಗೇ ಬಂದಿರಬೇಕು.

ತಿಯಾಮ್ ಪೋ ಕೈ ತೊಳೆಯುವ ನಲ್ಲಿಯ ಕಡೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಬಂದವನು ನೇರವಾಗಿ ಪೊಟ್ಟಣದ ಹಿಂದೆ ನಿಂತ. ಸೆಂಗ್ ಬೀಗದ ಕೈ ಚಾಚಿದ.

"ತಗೊಳ್ಳಿ ಭಾವ."

ತಿಯಾಮ್ ಪೋ ಅದನ್ನು ನೋಡಿದ, ಸೆಂಗನ ಮುಖ ನೋಡಿದ.

"ಅದನ್ನೇನು ತಿನ್ನೋಕಾಗುತ್ತೇನಯ್ಯಾ?" ಎಂದು ಗದರಿದ. "ಬಾಗಿಲು ತೆಗಿ, ಒಲೆ ಹಚ್ಚು. ಆರೂವರೆಯಿಂದ ಮೊದಲನೆಯವನು ನಾನೇ. ಒಟ್ಟಿಗೆ ನಾಲ್ಕು ಕೊಟ್ಟುಬಿಡು, ಮತ್ತೆ ಹಿಂದಕ್ಕೆ ಹೋಗಿ ನಿಲ್ಲೋಕೆ ನನ್ನ ಕೈಲಾಗಲ್ಲ."